ಎಪ್ಪತ್ತೆರಡನೆಯ ನಂಬರು

ನೇತ್ರಾ ನನ್ನ ಮೊಬೈಲ್ ಅಂಗಡಿಗೆ ಬಂದಾಗ ಮಧ್ಯಾಹ್ನ ಒಂದೂವರೆ. ಬೇರೆ ದಿನವಾಗಿದ್ದರೆ ಹೊಸ್ತಿಲ ಆಚೆಯಿಂದಲೇ "ಊಟಾತೇನ್ರಿ ಅಯ್ಯಾರ?" ಎಂದು ಕೂಗಿ, ಉತ್ತರಕ್ಕೆ ಕಾಯದೆ ತನ್ನ ಮನೆಯ ಅಡುಗೆಯ ಸುದ್ದಿ ಶುರು ಮಾಡುವ ಹೆಣ್ಣುಮಗಳು. ಅವತ್ತು ಮಾತಿಲ್ಲ. ಕೌಂಟರಿನ ಮೇಲೆ ತನ್ನ ಮೊಬೈಲು ಇಟ್ಟು ನನ್ನ ಕಡೆ ದಬ್ಬಿದಳು.

"ಇದರಾಗ ಒಂದು ಸೀಟಿ ಐತ್ರಿ. ಹುಡುಕಿ ಕೊಡ್ರಿ. ನಾಕಕ್ಕ ನಮ್ಮನಿಯವ್ರನ್ನ ಸೈಟಿನ ಆಫೀಸಿಗೆ ಕರದಾರ."

ಯಾವ ಸೀಟಿ ಎಂದು ನಾನು ಕೇಳಬೇಕಾಗಿರಲಿಲ್ಲ. ಮೂರು ದಿನದಿಂದ ಗೋವಾದ ಚಿಂಬಲ್‌ನ ನಮ್ಮ ಓಣಿಯಲ್ಲಿ ಅದೊಂದೇ ಮಾತು.

ನೇತ್ರಾಳ ಗಂಡ ಹುಲಿಗೆಪ್ಪ ಗುಡ್ಡದ ಮೇಲೆ ಫ್ಲ್ಯಾಟು ಕಟ್ಟುತ್ತಿರುವ ಸೈಟಿನಲ್ಲಿ ಕ್ರೇನಿನ ಸಿಗ್ನಲ್‌ಮನ್. ಕ್ರೇನು ಸಾಮಾನು ಎತ್ತುವ ಮೊದಲು ಅವನು ಒಂದು ಉದ್ದನೆಯ ಸೀಟಿ ಊದಬೇಕು. ಕೆಳಗಿದ್ದವರು ಹಿಂದೆ ಸರಿಯಬೇಕು. ಆಮೇಲೆ ಅವನು ಕೈ ಎತ್ತಿ ಡ್ರೈವರನಿಗೆ ಸನ್ನೆ ಕೊಡಬೇಕು. ಸೋಮವಾರ ಊಟದ ಹೊತ್ತಿನಲ್ಲಿ ಕಬ್ಬಿಣದ ಸೆಂಟ್ರಿಂಗ್ ಪ್ಲೇಟುಗಳ ಕಟ್ಟೊಂದು ಮೇಲೆದ್ದು, ತೂಗಾಡಿ, ಲಕ್ಷ್ಮಪ್ಪನಿಗೆ ಬಡಿಯಿತು. ಬಲಗಾಲು ಎರಡು ಕಡೆ ಮುರಿದು ಅವನೀಗ ಬಾಂಬೋಳಿಯ ದೊಡ್ಡಾಸ್ಪತ್ರೆಯಲ್ಲಿ ಮಲಗಿದ್ದಾನೆ. ಮಾತಾಡುವಷ್ಟು ಚೇತರಿಸಿಕೊಂಡ ಕೂಡಲೇ ಅವನು ಹೇಳಿದ್ದು, ಹುಲಿಗೆಪ್ಪ ಸೀಟಿ ಊದಲಿಲ್ಲ ಅಂತ. ಹುಲಿಗೆಪ್ಪ ಊದಿದ್ದೇನೆ ಅನ್ನುತ್ತಾನೆ. ಅಲ್ಲಿದ್ದ ಉಳಿದವರನ್ನು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಇಬ್ಬರೂ ಒಂದೇ ಊರಿನವರು. ಚಿಂಬಲ್‌ನಲ್ಲಿ ಇಬ್ಬರ ಮನೆಯ ಬಾಗಿಲುಗಳೂ ಎದುರುಬದುರು. ಲಕ್ಷ್ಮಪ್ಪನ ಹೆಂಡತಿ ಸಾವಂತ್ರೆವ್ವ ದಿನಕ್ಕೊಮ್ಮೆ ಆಸ್ಪತ್ರೆಯಿಂದ ಬಟ್ಟೆ ಬದಲಿಸಲು ಬರುತ್ತಾಳೆ. ಬಂದಾಗಲೆಲ್ಲ ಹುಲಿಗೆಪ್ಪನ ಬಾಗಿಲಿಗೆ ಮುಖ ಮಾಡಿ ನಿಂತು ಬೈದು ಹೋಗುತ್ತಾಳೆ.

"ಊದಿಲ್ಲ ಅಂತ ಬರದ್ರ ಮುಗೀತ್ರಿ," ಎಂದಳು ನೇತ್ರಾ. "ಸೈಟಿನ ಕಾರ್ಡ್ ಕತ್ತರಸ್ತಾರ. ಇಡೀ ಗೋವಾದಾಗ ಯಾವ ಸೈಟಿನ್ಯಾಗೂ ಅವರ ಕೈಯಾಗ ಸೀಟಿ ಕೊಡಂಗಿಲ್ಲ. ಪೊಲೀಸ್ ಕೇಸು ಬ್ಯಾರೆ. ಅದೂ ಹೋಗ್ಲಿ ಬಿಡ್ರಿ. ಅವ್ರು ಅನ್ನ ಮುಟ್ಟವಲ್ರು. ಗೆಳ್ಯಾನ ಕಾಲು ಮುರದಾಂವ ಅಂತ ಮಂದಿ ಅಂದ್ರ ಹೆಂಗ ತಡ್ಕೋತಾರ?"

ಮೊಬೈಲಿನಲ್ಲಿ ಇದ್ದದ್ದು ಸೋಮವಾರದ ತಾಲೀಮಿನ ವಿಡಿಯೋ. ತೆಗೆದವನು ಪರಶು, ಅದೇ ಸೈಟಿನ ಹುಡುಗ, ತಾಲೀಮಿಗೆ ಹಾಡು ಹಚ್ಚುವವನು. ಮುಂದಿನ ವಾರ ಸೈಟಿನಲ್ಲಿ ಸುರಕ್ಷಾ ಸಪ್ತಾಹ. ಕೂಲಿಕಾರರ ಒಂದೊಂದು ಗುಂಪೂ ಏನಾದರೂ ಮಾಡಿ ತೋರಿಸಬೇಕೆಂದು ಕಂಪನಿ ಹೇಳಿತ್ತು. ಒಡಿಶಾದವರು ನಾಟಕ ಅಂದರು, ನಮ್ಮವರು ಹೆಜ್ಜೆಮೇಳ ಅಂದರು. ಹನ್ನೆರಡು ಜನ, ಕಾಲಿಗೆ ಗೆಜ್ಜೆ, ತಲೆಗೆ ಹೆಲ್ಮೆಟ್ಟು. ಹೆಜ್ಜೆ ಕಲಿಸುವವನು ಲಕ್ಷ್ಮಪ್ಪ. ಊರಲ್ಲಿದ್ದಾಗ ಮೇಳದ ಮುಂದಾಳಾಗಿದ್ದವನು. ಪದಕ್ಕೆ ವಾದ್ಯ ಕೂಡಿಸಿ ಕೊಟ್ಟವನು ನಾನು. ಮೊಬೈಲ್ ರಿಪೇರಿ ನನ್ನ ಹೊಟ್ಟೆಪಾಡು, ಕೀಬೋರ್ಡು ನನ್ನ ಚಟ. ಎರಡನ್ನೂ ಯಾರೂ ಕಲಿಸಲಿಲ್ಲ. ಬಿಚ್ಚಿ, ಕೆಡಿಸಿ, ಮತ್ತೆ ಜೋಡಿಸಿ ಕಲಿತದ್ದು.

ವಿಡಿಯೋ ಹಾಕಿ ಕಿವಿಗೆ ಹೆಡ್‌ಫೋನ್ ಏರಿಸಿದೆ. ಅಂಗಳದಲ್ಲಿ ಹನ್ನೆರಡು ಜನ ಸಾಲಾಗಿ ನಿಂತಿದ್ದಾರೆ. ಎಡಗಡೆಯ ತುದಿಯಲ್ಲಿ ಲಕ್ಷ್ಮಪ್ಪ. ಎಲ್ಲಿಯೋ ಇಟ್ಟ ಸಣ್ಣ ಬ್ಲೂಟೂತ್ ಸ್ಪೀಕರಿನಿಂದ ನನ್ನ ವಾದ್ಯ, ಅದರ ಮೇಲೆ ಹನ್ನೆರಡು ಗಂಟಲು:

"ಹೆಲ್ಮೆಟ್ ಇಡೊ ತಮ್ಮಾ, ತಲಿ ಒಂದ ಐತಿ... ಬೆಲ್ಟ ಬಿಗಿಯೊ ತಮ್ಮಾ, ಮನಿ ಕಾಯತೈತಿ..."

ಅಷ್ಟರಲ್ಲಿ ಸ್ಪಷ್ಟವಾಗಿ ಸೀಟಿ ಕೇಳಿಸಿತು. ಹೆಡ್‌ಫೋನ್ ಕಿತ್ತು ಕೌಂಟರಿನ ಮೇಲೆ ಕುಟ್ಟಿದೆ.

"ಐತಲ್ಲವಾ! ಇಷ್ಟ ಖುಲ್ಲಾ ಕೇಳ್ಸಾಕತ್ತೈತಿ! ಇನ್ನೇನ್ ಹುಡುಕೂದು?"

ನೇತ್ರಾಳ ಮುಖದಲ್ಲಿ ಏನೂ ಬದಲಾಗಲಿಲ್ಲ. "ಅದು ಅವರ್ದಲ್ರಿ. ನಿಮ್ಮದು."

"ನಂದು?"

"ನಿಮ್ಮ ಪದದಾಗಿಂದು. ಮುಂದ ಕೇಳ್ರಿ, ಮತ್ತ ಬರ್ತೈತಿ. ಸಾಲಿಗೊಂದು ಬರ್ತೈತಿ. ಸೇಫ್ಟಿ ಪದ ಅಂತ ಅಯ್ಯಾರು ಸೀಟಿ ಕೂಡಿಸ್ಯಾರ, ಭಾಳ ತಲಿ ಓಡಿಸ್ಯಾರ ಅಂತ ಎಲ್ಲಾರೂ ಅನ್ನಾಕತ್ತಿದ್ರು. ಅದಕ್ಕ ಸಾಹೇಬ್ರು ಈ ವಿಡಿಯೋ ಒಪ್ಪವಲ್ರು. ಇದರಾಗ ಹತ್ತಹನ್ನೊಂದು ಸೀಟಿ ಅದಾವು, ನಿಂದ್ಯಾವುದು ತೋರಸು ಅಂತಾರ."

ಮತ್ತೆ ಕೇಳಿದೆ. ಎರಡನೆಯ ಸಾಲು ಮುಗಿಯುವಾಗ ಸೀಟಿ. ಮೂರನೆಯದರ ಕೊನೆಗೆ ಸೀಟಿ. ಕ್ರೇನಿನ ಕೆಳಗೆ ಊದುತ್ತಾರಲ್ಲ, ಉದ್ದಕ್ಕೆ ಎಳೆದು, ಥೇಟ್ ಅದೇ.

ನಾನು ಸೀಟಿ ಹಾಕಿರಲಿಲ್ಲ. ಅಲ್ಲಿ ನಾನು ಇಟ್ಟದ್ದು ಹಲಗಿಯ ಒಂದು ಪೆಟ್ಟು.

"ನೇತ್ರವ್ವಾ, ಒಂದ ನಿಮಿಷ," ಎಂದು ಕೀಬೋರ್ಡಿನ ಮೇಲಿನ ಬಟ್ಟೆ ಸರಿಸಿ ಅದೇ ಪದ ಹಚ್ಚಿದೆ. ಸಾಲಿನ ಕೊನೆಗೆ ಹಲಗಿ ಖಣ್ಣೆಂದಿತು. ಅವಳು ಹುಬ್ಬು ಗಂಟಿಕ್ಕಿದಳು.

"ಇದು ಬ್ಯಾರೆ ಪದರಿ."

"ಅದ ಪದವಾ. ಒಂದಕ್ಷರ ಬ್ಯಾರೆ ಇಲ್ಲ."

ಹೇಳುತ್ತ ಹೇಳುತ್ತಲೇ ನಾನು ಕೀಬೋರ್ಡು ನಿಲ್ಲಿಸಿದೆ. ಏನಾಗಿದೆ ಎಂದು ನನಗೆ ಗೊತ್ತಾಗಿಹೋಗಿತ್ತು.

ಮೇಳದವರು ನಿಧಾನವಾಗಿ ಹೆಜ್ಜೆ ಕಲಿತು ಆಮೇಲೆ ಜೋರು ಮಾಡಿಕೊಳ್ಳಬೇಕೆಂದಿದ್ದರು. ಸಾದಾ ರೆಕಾರ್ಡಿಂಗನ್ನು ನಿಧಾನ ಮಾಡಿದರೆ ದನಿ ರಾಕ್ಷಸನದಾಗುತ್ತದೆ. ಅದಕ್ಕೇ ನಾನು ಪರಶುವಿನ ಮೊಬೈಲಿಗೆ ಮಿಡಿ ಫೈಲು ಕಳಿಸಿದ್ದೆ. ಆ ಫೈಲಿನಲ್ಲಿ ಸದ್ದೇ ಇರುವುದಿಲ್ಲ. ಯಾವ ನಂಬರಿನ ಕೀ, ಯಾವ ಹೊತ್ತಿಗೆ, ಎಷ್ಟು ಜೋರು ಒತ್ತಬೇಕು, ಇಷ್ಟು ಮಾತ್ರ ಬರೆದಿರುತ್ತದೆ. ಓದಿ ನುಡಿಸುವ ಯಂತ್ರ ತನ್ನ ಹತ್ತಿರ ಇರುವ ಸದ್ದು ಹಾಕಿಕೊಳ್ಳುತ್ತದೆ. ತಾಳವಾದ್ಯಗಳಿಗೆ ಲೋಕವೆಲ್ಲ ಒಪ್ಪಿಕೊಂಡ ಒಂದು ಪಟ್ಟಿ ಇದೆ: ಇಂಥ ನಂಬರಿಗೆ ಡ್ರಮ್ಮು, ಇಂಥದಕ್ಕೆ ತಾಳ, ಇಂಥದಕ್ಕೆ ಗಂಟೆ. ಅದರಲ್ಲಿ ಎಪ್ಪತ್ತೆರಡನೆಯದು ಉದ್ದನೆಯ ಸೀಟಿ. ನನ್ನ ಕೀಬೋರ್ಡಿನಲ್ಲೂ ಮೊದಲು ಅಲ್ಲಿ ಸೀಟಿಯೇ ಇತ್ತು. ಭಜನೆಗೆ ನುಡಿಸುವವನಿಗೆ ಸೀಟಿ ಏತಕ್ಕೆ ಎಂದು ನಾನೇ ಅದನ್ನು ಅಳಿಸಿ, ಹಲಗಿಯ ಪೆಟ್ಟೊಂದನ್ನು ರೆಕಾರ್ಡು ಮಾಡಿ ಆ ಜಾಗದಲ್ಲಿ ಕೂರಿಸಿದ್ದೆ. ಹಲಗಿ ಇದ್ದದ್ದು ನನ್ನ ಯಂತ್ರದಲ್ಲಿ ಮಾತ್ರ. ಫೈಲಿನ ಜೊತೆ ಹೋದದ್ದು ಎಪ್ಪತ್ತೆರಡು ಎಂಬ ಅಂಕಿ.

ಗೊತ್ತಿದ್ದೂ ಮರೆತೆ. ಪರಶುವಿನ ಮೊಬೈಲಿನಲ್ಲಿ ಒಮ್ಮೆ ಹಚ್ಚಿ ಕೇಳಲಿಲ್ಲ.

"ಹಂಗಾರ ಅವರ ಸೀಟಿ ಸಿಗಂಗಿಲ್ಲೇನ್ರಿ?" ನೇತ್ರಾಳ ದನಿ ಸಣ್ಣದಾಗಿತ್ತು.

ಇಲ್ಲವಾ, ಎಲ್ಲಾ ಕಲಸಿ ಹೋಗೇತಿ ಅನ್ನಬಹುದಿತ್ತು. ನಂಬುತ್ತಿದ್ದಳು. ಮೊಬೈಲು ಎತ್ತಿಕೊಂಡು ಹೋಗುತ್ತಿದ್ದಳು. ಸೀಟಿಯ ಮಾತು ಅವಳ ಗಂಡನ ತಲೆಯ ಮೇಲೆಯೇ ಉಳಿಯುತ್ತಿತ್ತು. ಹಾಗನ್ನುವ ಮನಸ್ಸೂ ಒಂದು ಗಳಿಗೆ ಬಂತು, ಅದನ್ನು ಮುಚ್ಚಿಡುವುದಿಲ್ಲ. ಹಾಗನ್ನದೆ ಲ್ಯಾಪ್‌ಟಾಪ್ ಹಚ್ಚಿ ಫೈಲು ತೆರೆದೆ. ಪರದೆಯ ಮೇಲೆ ಎಪ್ಪತ್ತೆರಡರ ಸಾಲು. ಎಂಟೆಂಟು ಮಾತ್ರೆಗೆ ಒಂದು, ಎಂಟನೆಯ ಮಾತ್ರೆಯ ಮೇಲೇ. ಬೇರೆಲ್ಲೂ ಇಲ್ಲ.

"ನೀ ಬೆರಳ ಮಡಚು. ಸೀಟಿ ಬಂದಾಗ ಎಷ್ಟನೇ ಬೆರಳ ಅಂತ ಹೇಳು," ಎಂದು ವಿಡಿಯೋ ಮೊದಲಿನಿಂದ ಬಿಟ್ಟೆ.

"ಎಂಟು," ಎಂದಳು. ಮುಂದಿನದು, "ಎಂಟು." ಅದರ ಮುಂದಿನದು, "ಎಂಟು." ಹೀಗೆ ಒಂಬತ್ತು ಸಾಲು ಹೋಯಿತು. ಹತ್ತನೆಯದಕ್ಕೆ ಅವಳು ನನ್ನ ಮೊಣಕೈ ಹಿಡಿದಳು.

"ಐದು! ಅಯ್ಯಾರ, ಐದಕ್ಕ ಬಂತು!"

ಮತ್ತೆ ಎಂಟಕ್ಕೂ ಬಂತು. ಅಂದರೆ ಹತ್ತನೆಯ ಸಾಲಿನಲ್ಲಿ ಎರಡು. ಒಂದು ನನ್ನದು, ಒಂದು ಹುಲಿಗೆಪ್ಪನದು. ನೇತ್ರಾ ಸೆರಗನ್ನು ಬಾಯಿಗೊತ್ತಿಕೊಂಡು ಅತ್ತಳು. ನನಗೆ ಅವಳ ಕಡೆ ನೋಡಲಾಗಲಿಲ್ಲ, ಕಣ್ಣು ವಿಡಿಯೋದ ಮೇಲೇ ಇತ್ತು. ಸೀಟಿ ಬಂದಾಗಲೆಲ್ಲ ಸಾಲಿಗೆ ಸಾಲೇ ಒಂದು ಹೆಜ್ಜೆ ಮುಂದೆ ಹೋಗುತ್ತಿತ್ತು, ನಾಲ್ಕು ಮಾತ್ರೆ ಕಳೆದು ಹಿಂದೆ ಬರುತ್ತಿತ್ತು. ಲಕ್ಷ್ಮಪ್ಪ ಕಲಿಸಿದ್ದೇ ಹಾಗೆ. ಐದನೆಯ ಮಾತ್ರೆಗೆ ಆ ಒಂದು ಸೀಟಿ ಬಂದಾಗ ಸಾಲು ಮುರಿಯಿತು. ಏಳು ಜನ ತಡವರಿಸಿ ಅಲ್ಲೇ ನಿಂತರು. ಐವರು ಮುಂದೆ ಹೆಜ್ಜೆ ಇಟ್ಟರು. ಎಂಟಕ್ಕೆ ನನ್ನ ಸೀಟಿ ಬಂತು. ಆ ಐವರು ಮತ್ತೊಂದು ಹೆಜ್ಜೆ ಇಟ್ಟರು. ಅವರಲ್ಲಿ ಕ್ರೇನಿನ ಕಡೆಗೆ ಎಲ್ಲರಿಗಿಂತ ಹತ್ತಿರ ಇದ್ದವನು ಲಕ್ಷ್ಮಪ್ಪ. ಒಂದು ಕೂಗು ಕೇಳಿಸಿ ಮೊಬೈಲು ಆಕಾಶ ತೋರಿಸಿ ನಿಂತುಬಿಟ್ಟಿತು.

ಸೀಟಿ ಕೇಳಿದರೆ ಹಿಂದೆ ಸರಿ ಎಂದು ಸೈಟು ವರ್ಷಗಟ್ಟಲೆ ಕಲಿಸಿದ್ದನ್ನು ನನ್ನ ಪದ ಎಂಟು ದಿನದಲ್ಲಿ ತಿರುಗಿಸಿತ್ತು.

"ನೇತ್ರವ್ವಾ, ನಿನ್ನ ಗಂಡ ಊದ್ಯಾನ. ಲಕ್ಷ್ಮಪ್ಪಗೂ ಕೇಳ್ಸೇತಿ. ಅಂವ ಅದನ್ನ ನನ್ನದು ಅಂದ್ಕೊಂಡ."

ಅವಳು ಕಣ್ಣೊರೆಸಿಕೊಂಡಳು. ಬಯ್ಯುತ್ತಾಳೆಂದುಕೊಂಡೆ. ಗೋಡೆಯ ಗಡಿಯಾರದ ಕಡೆ ತಿರುಗಿ, "ಎರಡೂ ಕಾಲಾತು. ಅಲ್ಲಿ ಬಂದು ಇದನ್ನ ಹೇಳ್ತೀರೋ ಇಲ್ಲೋ?" ಎಂದಳು.

"ಹೇಳ್ತೇನಿ. ಆದ್ರ ಪರಶೂನ ಫೋನು ಬೇಕು. ಆ ಸೀಟಿ ಬರೂದು ಅದರಾಗಷ್ಟ."

ಪರಶು ತನ್ನ ಖೋಲಿಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ. ನಮ್ಮ ಮಾತು ಕೇಳಿ ಎದ್ದು ಕೂತನೇ ಹೊರತು ಮೊಬೈಲು ಕೊಡಲಿಲ್ಲ. ಸೈಟಿನ ಒಳಗೆ ಮೊಬೈಲು ತರುವ ಹಾಗಿಲ್ಲ, ತಂದವನ ಗೇಟ್ ಪಾಸು ಹೋಗುತ್ತದೆ. ಸಾಹೇಬರ ಮುಂದೆ ಅವನು ಸ್ಪೀಕರಿಗೆ ಪೆನ್‌ಡ್ರೈವ್ ಹಾಕಿ ಹಾಡು ಹಚ್ಚಿದ್ದೆವು ಅಂತಲೂ, ವಿಡಿಯೋ ತೆಗೆದವರು ಯಾರೋ ಗೊತ್ತಿಲ್ಲ ಅಂತಲೂ ಹೇಳಿಬಿಟ್ಟಿದ್ದ.

"ನನ್ನ ಯಾಕ ಸಿಗಸ್ತೀರಿ ಅಯ್ಯಾರ? ವಿಡಿಯೋ ಕೊಟ್ಟೇನಲ್ಲ, ಸಾಕು ಬಿಡ್ರಿ."

"ವಿಡಿಯೋ ಕೊಡಾಕ ಕೈ ಬಂತು, ಫೋನ್ ಕೊಡಾಕ ಬರವಲ್ದೇನು?" ಎಂದಳು ನೇತ್ರಾ. "ಸೀಟಿ ಊದಿದಾಂವ ಬಾಗಲಾ ಹಾಕ್ಕೊಂಡು ಕುಂತಾನ. ಹಾಡ ಹಚ್ಚಿದಾಂವ ಇಲ್ಲಿ ಫ್ಯಾನಿನ ಕೆಳಗ ಮಕ್ಕೊಂಡಾನ. ಚಲೋ ಐತಿ ಬಿಡಪಾ."

"ವೈನಿ, ಹಂಗಲ್ರಿ..."

"ಹೆಂಗ ಮತ್ತ?"

ಅವನು ಬಂದ. ಆದರೆ ಸೈಟಿನ ಗೇಟಿನವರೆಗೆ ಮಾತ್ರ. ಅಲ್ಲಿ ಬೇಲಿಯ ತಗಡಿಗೆ ಒರಗಿ, "ನಾ ಇಲ್ಲೇ ನಿಂದರ್ತೇನಿ. ಬೇಕಂದ್ರ ಕರೀರಿ," ಅಂದ. ಕರೆದರೆ ಬರುವ ಮುಖ ಅದಲ್ಲ.

ಸೇಫ್ಟಿ ಸಾಹೇಬರ ಆಫೀಸು ಅಂದರೆ ಒಂದು ತಗಡಿನ ಕ್ಯಾಬಿನ್ನು. ಅವರು ಗೋವಾದವರೇ, ಸಾಂಖಳಿ ಕಡೆಯವರು, ವಯಸ್ಸಾದವರು, ಮಾತು ಮೆತ್ತಗೆ. ಅವರ ಎದುರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಹುಲಿಗೆಪ್ಪ. ಕೊರಳಿನ ಸೀಟಿಯನ್ನು ತೆಗೆದು ತಾನೇ ಮೇಜಿನ ಮೇಲೆ ಇಟ್ಟಿದ್ದ. ಕಿಟಕಿಯ ಆಚೆ, ನೆರಳಿನಲ್ಲಿ, ಸಾಕ್ಷಿ ಹೇಳಲು ಕರೆಸಿದ್ದ ಮೇಳದ ನಾಲ್ವರು ಸಾಲಾಗಿ ನಿಂತಿದ್ದರು.

ನನ್ನ ಹಿಂದಿ ಅಂಗಡಿಯ ಹಿಂದಿ, ಚಾರ್ಜರು ಮಾರುವಷ್ಟು. ಅದರಲ್ಲೇ ಹೇಳಿದೆ. ಹಾಡು ನನ್ನದು, ಅದರಲ್ಲಿ ನಾನು ಇಟ್ಟದ್ದು ಹಲಗಿ, ಬೇರೆ ಯಂತ್ರದಲ್ಲಿ ಅದು ಸೀಟಿಯಾಗಿದೆ, ಹತ್ತನೆಯ ಸಾಲಿನಲ್ಲಿ ಒಂದು ಸೀಟಿ ಹೆಚ್ಚಿಗೆ ಇದೆ. ಸಾಹೇಬರು ಕನ್ನಡಕ ಮೇಲೆ ಸರಿಸಿದರು.

"ಆ ಫೈಲು ನನಗೆ ಕೊಡಿ. ನಾನೇ ಹಚ್ಚಿ ನೋಡುತ್ತೇನೆ," ಎಂದರು ಹಿಂದಿಯಲ್ಲಿ.

ಪೆನ್‌ಡ್ರೈವಿನಿಂದ ಅವರ ಲ್ಯಾಪ್‌ಟಾಪಿಗೆ ಹಾಕಿದೆ. ಹಾಡು ಶುರುವಾಯಿತು. ಹಾರ್ಮೋನಿಯಂ ಪಿಯಾನೋ ಆಗಿ ಕೇಳಿಸಿತು, ಇರಲಿ. ಆರು ಮಾತ್ರೆ, ಏಳು... ಎಂಟಕ್ಕೆ ಏನೂ ಇಲ್ಲ. ಹಲಗಿಯೂ ಇಲ್ಲ, ಸೀಟಿಯೂ ಇಲ್ಲ. ಖಾಲಿ. ಮುಂದಿನ ಸಾಲು, ಮತ್ತೆ ಖಾಲಿ. ಆ ಲ್ಯಾಪ್‌ಟಾಪಿನೊಳಗಿನ ಬಡ ತಾಳದ ಪೆಟ್ಟಿಗೆಯಲ್ಲಿ ಎಪ್ಪತ್ತೆರಡಕ್ಕೆ ಯಾವ ಸದ್ದನ್ನೂ ತುಂಬಿಯೇ ಇರಲಿಲ್ಲ ಅಂತ ಕಾಣುತ್ತದೆ.

"ಇದರಲ್ಲಿ ಸೀಟಿ ಎಲ್ಲಿದೆ?"

"ಸಾಬ್, ಇದರಲ್ಲಿ... ಇದರಲ್ಲಿ ಬರುತ್ತಿಲ್ಲ."

"ನಿಮ್ಮಲ್ಲಿ ಹಲಗಿ, ಅವರಲ್ಲಿ ಸೀಟಿ, ನನ್ನಲ್ಲಿ ಏನೂ ಇಲ್ಲ." ಸಾಹೇಬರು ದನಿ ಏರಿಸಲಿಲ್ಲ. "ನೋಡಿ, ನೀವು ನೆರೆಹೊರೆಯವರು. ಇವನನ್ನು ಉಳಿಸಬೇಕೆಂಬ ಆಸೆ ನಿಮಗಿದೆ. ತಪ್ಪಲ್ಲ. ಆದರೆ ಆಸ್ಪತ್ರೆಯಲ್ಲಿ ಒಬ್ಬ ಮಲಗಿದ್ದಾನೆ." ಪೆನ್ನಿನ ಮುಚ್ಚಳ ತೆಗೆದು ಕಾಗದ ಎಳೆದುಕೊಂಡರು.

ಹುಲಿಗೆಪ್ಪ ತಲೆ ತಗ್ಗಿಸಿದ್ದ. "ಬಿಡ್ರಿ ಅಯ್ಯಾರ," ಎಂದ. "ಮೂರು ದಿನಾತು, ಎಲ್ಲಾರೂ ಊದಿಲ್ಲ ಅಂತಾರ. ನನಗೂ ಈಗ ನಂಬಕಿ ಹೋಗೇತಿ. ದಿನಾ ಊದ್ತೇನಿ, ಅವತ್ತು ಊದಿನೋ ಇಲ್ಲೋ ಯಾಂವ ಬಲ್ಲ."

ಅವನ ಬಾಯಿಂದ ಆ ಮಾತು ಬಂದ ಮೇಲೆ ನನಗೆ ಕೂತಿರಲಾಗಲಿಲ್ಲ. ಸಾಹೇಬರ ಹಿಂದೆ ಗೋಡೆಗೆ ಕಟ್ಟಡದ ದೊಡ್ಡ ಡ್ರಾಯಿಂಗು ಅಂಟಿಸಿತ್ತು. ನಾನು ಎದ್ದು ಹೋಗಿ ಅದರಲ್ಲಿನ ಒಂದು ಬಾಗಿಲ ಗುರುತಿನ ಮೇಲೆ ಬೆರಳಿಟ್ಟೆ.

"ಸಾಬ್, ಇಲ್ಲಿ ಬಾಗಿಲು ಅಂತ ನಂಬರು ಬರೆದಿದೆ. ಬಾಗಿಲು ಇದರೊಳಗೆ ಇದೆಯಾ? ಇಲ್ಲ. ಒಬ್ಬ ಬಡಗಿ ಸಾಗವಾನಿ ಕೂರಿಸುತ್ತಾನೆ, ಒಬ್ಬ ಪ್ಲೈವುಡ್ಡು ಕೂರಿಸುತ್ತಾನೆ, ಇನ್ನೊಬ್ಬನ ಹತ್ತಿರ ಮರವೇ ಇಲ್ಲ, ತೂತು ಬಿಟ್ಟು ಹೋಗುತ್ತಾನೆ. ಡ್ರಾಯಿಂಗ್ ಒಂದೇ. ನನ್ನ ಫೈಲೂ ಡ್ರಾಯಿಂಗ್. ಸೋಮವಾರ ಅದನ್ನು ಕಟ್ಟಿದ ಬಡಗಿ ಬೇರೆ ಇದ್ದಾನೆ."

"ಯಾರು ಆ ಬಡಗಿ?"

ನಾನು ಬಾಗಿಲ ಕಡೆ ನೋಡಿದೆ. ನೇತ್ರಾ ಆಗಲೇ ಅಲ್ಲಿ ಇರಲಿಲ್ಲ. ಹೊರಗೆ ಜಲ್ಲಿಯ ಮೇಲೆ ಅವಳ ಚಪ್ಪಲಿ ಓಡುವ ಸದ್ದು. ಆಮೇಲೆ ದೂರದಿಂದ ಅವಳ ದನಿ, ಪರಶುವಿನ ದನಿ, ಮತ್ತೆ ಅವಳದೇ. ಸಾಹೇಬರು ಪೆನ್ನು ಹಿಡಿದೇ ಕೂತಿದ್ದರು. ಗಡಿಯಾರ ನಾಲ್ಕೂವರೆ ತೋರಿಸಿತು.

ಪರಶು ಒಳಗೆ ಬಂದ. ಮೊಬೈಲನ್ನು ಮೇಜಿನ ಮೇಲೆ, ಸೀಟಿಯ ಪಕ್ಕ ಇಟ್ಟ.

"ಇದು ಸೈಟಿನೊಳಗೆ ಹೇಗೆ ಬಂತು?" ಸಾಹೇಬರು ಕೇಳಿದರು.

"ಊಟದ ಡಬ್ಬಿಯೊಳಗ ಸಾಬ್." ಕೈಯಲ್ಲೇ ಡಬ್ಬಿಯ ಅಳತೆ ತೋರಿಸಿದ. "ರೊಟ್ಟಿ ಕೆಳಗ."

ಯಾರೂ ನಗಲಿಲ್ಲ.

"ಅದನ್ನು ಆಮೇಲೆ ನೋಡೋಣ. ಹಚ್ಚು."

"ಅವತ್ತ ಹೆಂಗಿತ್ತು ಹಂಗ ಹಚ್ಚು ಪರಶೂ," ಎಂದೆ. "ಎಷ್ಟು ನಿಧಾನ ಇಟ್ಟಿದ್ದಿ, ಅಷ್ಟ."

ಅವನು ವೇಗದ ಗುಂಡಿ ಎಳೆದು ಎಂಬತ್ತಕ್ಕೆ ತಂದು ನಿಲ್ಲಿಸಿ ಹಚ್ಚಿದ. ಎಂಟನೆಯ ಮಾತ್ರೆಗೆ ಸೀಟಿ ಆ ತಗಡಿನ ಕ್ಯಾಬಿನ್ನಿನಲ್ಲಿ ಎಷ್ಟು ಜೋರಾಗಿ ಕೇಳಿಸಿತೆಂದರೆ ಹುಲಿಗೆಪ್ಪ ಕುರ್ಚಿಯಿಂದ ಅರ್ಧ ಎದ್ದ. ಅವನ ಕೈ ತಾನಾಗಿಯೇ ಮೇಜಿನ ಮೇಲಿನ ಸೀಟಿಗೆ ಹೋಯಿತು. ನನ್ನ ಪದದಲ್ಲಿ ಏನಿತ್ತೆಂದು ಅವನು ಅಷ್ಟು ಹತ್ತಿರದಿಂದ ಕೇಳಿದ್ದು ಅದೇ ಮೊದಲು. ಅವನು ಮೇಳದಲ್ಲಿ ಇರಲಿಲ್ಲ, ಯಾವಾಗಲೂ ಕ್ರೇನಿನ ಇಂಜಿನ್ನಿನ ಪಕ್ಕದಲ್ಲಿ ನಿಂತಿರುವವನು.

ಎರಡನೆಯ ಸೀಟಿ. ಮೂರನೆಯದು. ಸಾಹೇಬರು ನನ್ನನ್ನಾಗಲಿ ಮೊಬೈಲನ್ನಾಗಲಿ ನೋಡುತ್ತಿರಲಿಲ್ಲ. ಅವರ ಕಣ್ಣು ಕಿಟಕಿಯ ಆಚೆ ನಿಂತಿತ್ತು. ನಾನೂ ತಿರುಗಿ ನೋಡಿದೆ.

ನೆರಳಿನಲ್ಲಿ ನಿಂತಿದ್ದ ನಾಲ್ವರು ತಮ್ಮ ತಮ್ಮಲ್ಲಿ ಏನೋ ಮಾತಾಡುತ್ತಿದ್ದರು. ಒಬ್ಬ ತಂಬಾಕು ತಿಕ್ಕುತ್ತಿದ್ದ. ಸೀಟಿ ಬಂತು. ನಾಲ್ಕು ಬಲಗಾಲುಗಳು ಒಮ್ಮೆಗೇ ಮುಂದೆ ಬಂದವು. ಮಾತು ನಿಲ್ಲಲಿಲ್ಲ, ತಂಬಾಕಿನ ಕೈ ನಿಲ್ಲಲಿಲ್ಲ. ನಾಲ್ಕು ಮಾತ್ರೆಗೆ ಕಾಲುಗಳು ಹಿಂದೆ ಹೋದವು. ಮತ್ತೆ ಸೀಟಿ. ಮತ್ತೆ ಮುಂದೆ.

"ದೇವಾ," ಎಂದರು ಸಾಹೇಬರು ಮೆಲ್ಲಗೆ. ಮೇಜಿನ ಮೇಲಿದ್ದ ಸೀಟಿಯನ್ನು ಎತ್ತಿ ಹುಲಿಗೆಪ್ಪನ ಕೈಗೆ ಕೊಟ್ಟರು. ಹಾಡು ನಡೆದೇ ಇತ್ತು. "ಊದು. ಈಗ, ನಡುವೆ."

ಹುಲಿಗೆಪ್ಪ ಊದಿದ. ಐದನೆಯ ಮಾತ್ರೆಯೋ ಆರನೆಯದೋ, ಯಾರೂ ಎಣಿಸಲಿಲ್ಲ. ಆಚೆಯ ನಾಲ್ವರಲ್ಲಿ ಇಬ್ಬರು ಮುಂದೆ ಹೆಜ್ಜೆ ಇಟ್ಟರು. ಹಿಂದೆ ಸರಿದವನು ಒಬ್ಬನೂ ಇರಲಿಲ್ಲ.

ಪರಶು ಹಾಡು ನಿಲ್ಲಿಸಿದ. ಆಮೇಲೆ ವಿಡಿಯೋವನ್ನೂ ಅವನ ಮೊಬೈಲಿನ ಹಾಡನ್ನೂ ಒಟ್ಟಿಗೆ ಬಿಟ್ಟು ನೋಡಿದೆವು. ಹತ್ತನೆಯ ಸಾಲಿನವರೆಗೆ ಎರಡೂ ಸೀಟಿಗಳು ಒಂದರ ಮೇಲೊಂದು ಕೂತು ಬಂದವು. ಅಲ್ಲಿ, ಐದಕ್ಕೆ, ವಿಡಿಯೋದ್ದು ಒಂದೇ ಕೂಗಿತು. ಸಾಹೇಬರು ಮೂರು ಸಲ ಹಾಕಿಸಿದರು. ಅಷ್ಟರಲ್ಲಿ ಅವರಿಗೆ ಆ ಮಾತ್ರೆ ಬಾಯಿಪಾಠವಾಗಿತ್ತು. ಮೂರನೆಯ ಸಲ ಮೊದಲೇ ಬೆರಳೆತ್ತಿದರು.

"ಸಿಗ್ನಲ್‌ಮನ್ ಸೀಟಿ ಊದಿದ್ದಾನೆ," ಎಂದು ಬಾಯಲ್ಲಿ ಹೇಳುತ್ತ ಬರೆದರು. ಆಮೇಲೆ ಇನ್ನೊಂದು ಖಾಲಿ ಹಾಳೆ ನನ್ನ ಮುಂದೆ ಇಟ್ಟರು. "ಹಾಡಿನ ಸಂಗತಿ ನೀವು ಬರೆದು ಸಹಿ ಮಾಡಿ. ನಿಮ್ಮ ಭಾಷೆಯಲ್ಲೇ ಬರೆಯಿರಿ. ನನ್ನ ಸೈಟಿನಲ್ಲಿ ಆ ಹಾಡು ಎಂಟು ದಿನ ನಡೆಯಿತು. ನಾನೂ ಎರಡು ಸಲ ನಿಂತು ಕೇಳಿದ್ದೇನೆ, ಚಲೋ ಇದೆ ಎಂದಿದ್ದೇನೆ. ಅದನ್ನು ನನ್ನ ಕಾಗದದಲ್ಲಿ ನಾನು ಬರೆಯುತ್ತೇನೆ."

ಪರಶುವಿನ ಗೇಟ್ ಪಾಸನ್ನು ಅವರು ತೆಗೆದು ಡ್ರಾಯರಿನಲ್ಲಿ ಹಾಕಿಕೊಂಡರು. ಸೋಮವಾರ ಬಂದು ಕೇಳು ಎಂದರು. 

ಹೊರಗೆ ಬಂದಾಗ ನೇತ್ರಾ ಗಂಡನ ತೋಳು ಹಿಡಿದುಕೊಂಡೇ ನಡೆದಳು, ಓಣಿಯಲ್ಲಿ ಎಂದೂ ಹಾಗೆ ನಡೆದವಳಲ್ಲ. ಗೇಟಿನ ಹತ್ತಿರ ಹುಲಿಗೆಪ್ಪ ನಿಂತ. ನಾನು ಅವನ ಬಾಯಿ ನೋಡಿದೆ.

"ಅಯ್ಯಾರ, ಸಾಹೇಬ್ರ ಮುಂದ ಹೇಳಿದ್ರಿ. ಅದು ಹಗುರ. ಸಾವಂತ್ರೆವ್ವಕ್ಕನ ಮುಂದ ಯಾರು ಹೇಳಾವ್ರು?"

"ನಾನ ಹೇಳ್ತೇನಿ."

"ಇವತ್ತ?"

"ಈಗ."

ಬಾಂಬೋಳಿಗೆ ಬಸ್ಸಿನಲ್ಲಿ ನಾವಿಬ್ಬರೇ ಹೋದೆವು. ದಾರಿಯುದ್ದಕ್ಕೂ ಅವನು ಕಿಟಕಿಯಾಚೆ ನೋಡಿದ, ನಾನು ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಜೋಡಿಸಿದೆ. ಮಿಡಿ ಅಂದರೇನು ಅಂತ ಶುರು ಮಾಡಲೇ, ಹಲಗಿಯಿಂದ ಶುರು ಮಾಡಲೇ? ವಾರ್ಡಿನ ಬಾಗಿಲಲ್ಲಿ ಸಾವಂತ್ರೆವ್ವ ಬಟ್ಟೆಯ ಗಂಟಿನ ಮೇಲೆ ಕೂತಿದ್ದಳು. ಹುಲಿಗೆಪ್ಪನನ್ನು ಕಂಡವಳೇ ಎದ್ದು ನಿಂತಳು.

"ಯಾಕ ಬಂದೀ ಇಲ್ಲಿ? ಇನ್ನೊಂದ ಕಾಲು ಉಳದೈತಿ ಅಂತೇನು?"

"ಸಾವಂತ್ರೆವ್ವಾ," ನಾನು ನಡುವೆ ಹೋದೆ. "ಅವನ್ನ ಬೈಬ್ಯಾಡ. ಅಂವ ಊದ್ಯಾನ. ನಿನ್ನ ಗಂಡಗ ಕೇಳ್ಸೂ ಐತಿ. ನನ್ನ ಪದದಾಗ ಸೀಟಿ ಇತ್ತು. ನಾ ಇಟ್ಟಿದ್ದಲ್ಲ, ಆದ್ರ ನನ್ನ ತಪ್ಪಿಂದ ಬಂತು. ಅದು ಬಂದಾಗೆಲ್ಲಾ ಮುಂದ ಹೆಜ್ಜಿ ಹಾಕೂದು ಅವರಿಗೆ ರೂಢಿ ಆಗಿತ್ತು. ಹುಲಿಗೆಪ್ಪ ಊದಿದಾಗ ಲಕ್ಷ್ಮಪ್ಪ ಹಿಂದ ಸರಿಯೂ ಬದ್ಲಿ ಮುಂದ ಹ್ವಾದ."

ಜೋಡಿಸಿಕೊಂಡು ಬಂದ ಮಾತಿನಲ್ಲಿ ಒಂದೂ ನೆನಪಿಗೆ ಬಂದಿರಲಿಲ್ಲ. ಸಾವಂತ್ರೆವ್ವ ನನ್ನನ್ನು ನೋಡಿದಳು. ಆ ಬೈಗುಳದ ಬಾಯಿ ಸುಮ್ಮನಾದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ.

"ನಿದ್ದಿಗಣ್ಣಾಗ ಕಾಲು ಆಡಸ್ತಾರ್ರಿ ಅವ್ರು," ಎಂದಳು ಕೊನೆಗೆ. "ಚಲೋ ಇದ್ದ ಕಾಲು. ಎಂಟೆಂಟು ಎಣಿಸಿ ಮುಂದ ಹಾಕ್ತಾರ. ನಂಜು ಏರೇತೇನೋ ಅಂತ ನಾ ಹೆದರಿದ್ದೆ."

ನಾನು ವಾರ್ಡಿನೊಳಗೆ ಇಣುಕಿದೆ.

"ನಾ ಹೇಳಂಗಿಲ್ಲ ಅವರಿಗೆ. ನೀವ ಹೇಳ್ರಿ. ಎಚ್ಚರದಾಗ ಅದಾರ," ಎಂದು ಗಂಟನ್ನು ಬದಿಗೆ ಸರಿಸಿ ನನಗೆ ದಾರಿ ಬಿಟ್ಟಳು. ನಾನು ಒಳಗೆ ಎರಡು ಹೆಜ್ಜೆ ಇಟ್ಟಿರಬೇಕು, ಹಿಂದಿನಿಂದ ಅವಳ ದನಿ ಕೇಳಿಸಿತು. ಅದು ನನಗಲ್ಲ.

"ನೀ ಯಾಕ ಅಲ್ಲಿ ನಿಂತೀಯೊ ಹುಲಿಗ್ಯಾ? ಮೂರು ದಿನದಿಂದ ನಿನ್ನ ಹೆಸರ ತಗೊಂಡು ಬೈದು ಬೈದು ಅವ್ರೂ ಸೊರಗ್ಯಾರ. ಹೋಗು, ಮಾರಿ ತೋರಸು."